ಅಪಾರ್ಟ್‌ಮೆಂಟ್ ಗೇಟಿನೊಳಗಿನ ವಿದ್ಯುತ್ ಜಾಲವನ್ನೂ ನಿಯಮದಡಿ ತರುವಂತೆ ಕೋರಿ ಮನವಿ

ಇವರಿಗೆ,
ಮಾನ್ಯ ಕಾರ್ಯದರ್ಶಿಗಳು,
ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ,
ವಸಂತನಗರ, ಬೆಂಗಳೂರು

ಇವರಿಂದ,
ಹೊರಮಾವು ಭಾಗದ ಅಪಾರ್ಟ್‌ಮೆಂಟ್ ನಿವಾಸಿಗಳು

ವಿಷಯ: ಖಾಸಗಿ ಸಬ್‌ಮೀಟರ್, ಜನರೇಟರ್ ಮತ್ತು ತಾರಸಿ ಸೋಲಾರ್ ಲೆಕ್ಕಕ್ಕೆ ನಿಯಮ ರೂಪಿಸುವ ಬಗ್ಗೆ

ಮಾನ್ಯರೇ,

ನಮ್ಮದು ಏಕಬಿಂದು ಎಚ್‌ಟಿ ಸಂಪರ್ಕದ, ಅಂದರೆ ಎಲ್ಲ ಮನೆಗಳಿಗೂ ಸೇರಿ ಒಂದೇ ಹೈಟೆನ್ಷನ್ ಸಂಪರ್ಕವಿರುವ ವಸತಿ ಸಮುಚ್ಚಯ. ಬೆಸ್ಕಾಂ ಕರೆಂಟು ಗೇಟಿನ ಪಕ್ಕದ ಮೀಟರಿನವರೆಗೆ ಬರುತ್ತದೆ. ಅಲ್ಲಿಂದ ಮುಂದಿನ ಟ್ರಾನ್ಸ್‌ಫಾರ್ಮರ್, ಪ್ಯಾನೆಲ್ ರೂಮು, ಡೀಸೆಲ್ ಜನರೇಟರು, ಮನೆಮನೆಯ ಪ್ರೀಪೇಯ್ಡ್ ಸಬ್‌ಮೀಟರು, ತಾರಸಿಯ ಸೋಲಾರ್ ಎಲ್ಲವೂ ನಿರ್ವಹಣಾ ಏಜೆನ್ಸಿಯ ಕೈಯಲ್ಲಿವೆ. ದಾಖಲೆಯಲ್ಲಿ ಗ್ರಾಹಕ ಎಂದರೆ ಸಂಘವೊಂದೇ. ನಮಗೆ ಸ್ವಂತ ಆರ್‌ಆರ್ ನಂಬರ್ (ಬೆಸ್ಕಾಂ ಸಂಪರ್ಕ ಸಂಖ್ಯೆ) ಇಲ್ಲ; ಹಾಗಾಗಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಅರ್ಜಿ ಹಾಕುವಂತಿಲ್ಲ, ದೂರು ಕೊಡಲು ಹೋದರೂ ನಾವು ಯಾರೆಂಬ ಪ್ರಶ್ನೆಯೇ ಮೊದಲು ಬರುತ್ತದೆ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿರುವುದು ಕರೆಂಟು ಕತ್ತರಿಸುವ ರೀತಿ. ಮೆಂಟೆನೆನ್ಸ್ ಹಣವನ್ನೂ ಇದೇ ಪ್ರೀಪೇಯ್ಡ್ ಮೀಟರಿನಿಂದ ದಿನದಿನವೂ ಕಳೆಯುತ್ತಾರೆ. ಬ್ಯಾಲೆನ್ಸ್ ಮುಗಿದರೆ ಮನೆ ಕತ್ತಲು. ಮಾಲೀಕರು ಮೆಂಟೆನೆನ್ಸ್ ಬಾಕಿ ಉಳಿಸಿದ್ದಕ್ಕೆ ಬಾಡಿಗೆದಾರರ ಮನೆಯ ಕರೆಂಟು ರಾತ್ರಿ ಹೋಯಿತು. ಆ ಮನೆಯ ಅಜ್ಜಿ ನೆಬ್ಯುಲೈಸರ್ ಹಾಕಿಕೊಳ್ಳಲು ಪಕ್ಕದ ಮನೆಗೆ ಹೋಗಬೇಕಾಯಿತು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನ ಪ್ರಕಾರ, ಬಿಲ್ ಕಟ್ಟದವರಿಗೂ ಪರವಾನಗಿ ಪಡೆದ ಕಂಪನಿ 15 ದಿನಗಳ ಲಿಖಿತ ನೋಟಿಸ್ ಕೊಡಲೇಬೇಕು. ಸರ್ಕಾರಿ ಕಂಪನಿಗೇ ಇಲ್ಲದ ಅಧಿಕಾರ ಏಜೆನ್ಸಿಯೊಂದಕ್ಕೆ ಎಲ್ಲಿಂದ ಬಂತು?

ಜನರೇಟರಿನ ವಿಷಯ ಇನ್ನೊಂದು. ಬೆಸ್ಕಾಂ ಕರೆಂಟು ಬಂದು ಜನರೇಟರಿನ ಸದ್ದು ನಿಂತ ಮೇಲೂ ಕೆಲವು ಮೀಟರುಗಳಲ್ಲಿ ಜನರೇಟರ್ ಕರೆಂಟನ್ನು ಸೂಚಿಸುವ ‘ಡಿಜಿ’ ದೀಪ ಉರಿಯುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಕಳೆಯುವುದು ಡೀಸೆಲ್ ದರವನ್ನೇ. ಡೀಸೆಲ್ ಎಷ್ಟು ತಂದರು, ಅದರಿಂದ ಎಷ್ಟು ಯೂನಿಟ್ ಬಂತು ಎಂದು ಕೇಳಿದರೆ ಉತ್ತರವಿಲ್ಲ. ಸಬ್‌ಮೀಟರುಗಳ ಮೇಲೆ ಯಾವ ಪರೀಕ್ಷಾ ಸೀಲೂ ಕಾಣುವುದಿಲ್ಲ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದಿದೆ. ಬೆಸ್ಕಾಂ ಕರೆಂಟು, ಬ್ಯಾಕಪ್ ಕರೆಂಟು, ಲಿಫ್ಟು-ಪಂಪಿನಂಥ ಸಾಮಾನ್ಯ ಬಳಕೆ ಮೂರಕ್ಕೂ ಬೇರೆಬೇರೆ ಮೀಟರಿಂಗ್, ಬೇರೆಬೇರೆ ಬಿಲ್ ಆಗಬೇಕೆಂದು ಅದು ಹೇಳುತ್ತದೆ. ಹೆಚ್ಚಿನ ಮಾಲೀಕರು ಬಯಸಿದರೆ ಪ್ರತ್ಯೇಕ ಸಂಪರ್ಕವನ್ನೂ ಕೊಡಬೇಕು. ನಮ್ಮ ಗೇಟಿನೊಳಗೆ ಇದ್ಯಾವುದೂ ಜಾರಿಯಾಗಿಲ್ಲ.

ಸೋಲಾರ್ ಬೇಡವೆಂದು ನಾವು ಹೇಳುತ್ತಿಲ್ಲ, ಇನ್ನಷ್ಟು ಬೇಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ, ಅದರಲ್ಲಿ ವಾಹನ ಚಾರ್ಜಿಂಗೂ ಸೇರುತ್ತದೆ. ಆದರೆ ತಾರಸಿ ಎಲ್ಲರದು. ಎಷ್ಟು ಯೂನಿಟ್ ಹುಟ್ಟಿತು, ಎಷ್ಟು ಗ್ರಿಡ್ಡಿಗೆ ಹೋಯಿತು, ಬಿಲ್ಲಿನಲ್ಲಿ ಎಷ್ಟು ಇಳಿಯಿತು ಎಂಬುದನ್ನು ತಿಂಗಳು ತಿಂಗಳು ನೋಟಿಸ್ ಬೋರ್ಡಿಗೆ ಹಾಕಬೇಕು.

ಆದ್ದರಿಂದ, ಮೆಂಟೆನೆನ್ಸ್ ಬಾಕಿಗಾಗಿ ಕರೆಂಟು ಕತ್ತರಿಸುವುದನ್ನು ಕೂಡಲೇ ನಿಷೇಧಿಸಿ ಆಯೋಗವು ಆದೇಶ ಹೊರಡಿಸಬೇಕು. ಸಬ್‌ಮೀಟರುಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸೀಲ್ ಹಾಕಿಸಬೇಕು. ಏಕಬಿಂದು ಸಂಪರ್ಕದಡಿಯ ಪ್ರತಿ ಮನೆಯವರಿಗೂ, ಬಾಡಿಗೆದಾರರಿಗೂ, ಗ್ರಾಹಕರ ಕುಂದುಕೊರತೆ ವೇದಿಕೆಗೆ ನೇರವಾಗಿ ಹೋಗುವ ಹಕ್ಕಿದೆಯೆಂದು ಸ್ಪಷ್ಟಪಡಿಸಬೇಕು. ಜನರೇಟರ್ ದರ ಖರ್ಚಿನ ಲೆಕ್ಕಕ್ಕೆ ತಕ್ಕಂತಿರಬೇಕು, ಲಾಭದ ಬಾಬತ್ತಾಗಬಾರದು.

ಆದೇಶಕ್ಕೆ ಮುಂಚೆ ನಮ್ಮ ಅಹವಾಲು ಕೇಳಲು ದಿನ ಗೊತ್ತುಮಾಡಿ, ಪ್ಯಾನೆಲ್ ರೂಮಿನ ಪರಿಶೀಲನೆಗೆ ಅಧಿಕಾರಿಯೊಬ್ಬರನ್ನು ಕಳಿಸಿಕೊಡಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ನಿವಾಸಿಗಳು