ಮಡಚಿದರೂ ತಿಳಿಯಾಗದ ಕ್ಲೇ ಬಾರ್ ಪೇಂಟ್‌ಗೆ ಬೇಡ

ಮಾನ್ಯ ಸಂಪಾದಕರೇ,

ಕಾರಿನ ಪೇಂಟ್ ನುಣುಪಾಗಿಸುವ ಕ್ಲೇ ಬಾರ್ ಈಗ ಸಣ್ಣ ವಾಟರ್ ಸರ್ವಿಸ್‌ಗಳಲ್ಲೂ ಬಳಕೆಗೆ ಬಂದಿದೆ. ಆನ್‌ಲೈನ್‌ನಲ್ಲಿ ತರಿಸಿಕೊಂಡು ಮನೆಯಲ್ಲೇ ಉಜ್ಜಿಕೊಳ್ಳುವವರೂ ಇದ್ದಾರೆ. ಅದರ ಜೊತೆಗೇ ಒಂದು ಕೆಟ್ಟ ರೂಢಿಯೂ ಬೆಳೆದಿದೆ: ಒಂದೇ ಉಂಡೆಯನ್ನು ಕಪ್ಪಗಾಗುವವರೆಗೆ ಒಂದು ಕಾರಿನಿಂದ ಇನ್ನೊಂದಕ್ಕೆ ದಾಟಿಸುವುದು. ಒದ್ದೆ ಇರುವಾಗ ಕಾಣದ ಗೀರುಗಳು ಬಿಸಿಲಲ್ಲಿ ನಿಲ್ಲಿಸಿದಾಗ ಬಾನೆಟ್ ತುಂಬ ಕಾಣುತ್ತವೆ. ಕಪ್ಪು, ಕಡುನೀಲಿ ಕಾರುಗಳಲ್ಲಂತೂ ಅವನ್ನು ಮುಚ್ಚಿಡಲು ಆಗದು.

ಕ್ಲೇ ಅಂದರೆ ಜೇಡಿಮಣ್ಣಲ್ಲ. ಅತಿ ನುಣ್ಣನೆಯ ಉಜ್ಜುಪುಡಿ ಬೆರೆಸಿದ ಸಿಂಥೆಟಿಕ್ ಮುದ್ದೆ ಅದು. ತೊಳೆದರೂ ಹೋಗದೆ ಪೇಂಟ್ ಮೇಲೆ ಕಚ್ಚಿಕೊಂಡ ಬ್ರೇಕಿನ ಕಬ್ಬಿಣದ ಪುಡಿ, ಸಿಮೆಂಟ್ ಧೂಳು, ಮರದ ಅಂಟು, ಪಕ್ಕದ ಕಟ್ಟಡದಿಂದ ಹಾರಿಬಂದ ಬಣ್ಣದ ಹನಿ ಇವನ್ನೆಲ್ಲ ಹಿಡಿದೆಳೆದು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಹಾಗೆ ಒಳಗೆ ಸೇರಿದ್ದು ನೀರಿನಲ್ಲಿ ತೊಳೆದರೆ ಹೊರಬರುವುದಿಲ್ಲ. ಬಣ್ಣವನ್ನು ಕಾಯುವ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಹೊಸಪೇಟೆ, ಸಂಡೂರು ಭಾಗದ ರಸ್ತೆಗಳ ಅದಿರಿನ ಕೆಂಪು ಧೂಳು ಅದಕ್ಕಿಂತ ಎಷ್ಟೋ ಗಟ್ಟಿ. ಆ ಧೂಳು ತುಂಬಿದ ಕ್ಲೇಯನ್ನು ಬಾನೆಟ್ ಮೇಲೆ ಎಳೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

'ಒಂದು ಬಾರ್ ಎಷ್ಟು ಕಾರಿಗೆ ಬರುತ್ತದೆ?' ಎಂದು ಎಲ್ಲರೂ ಕೇಳುತ್ತಾರೆ. ಆ ಲೆಕ್ಕವೇ ತಪ್ಪು. ಗ್ಯಾರೇಜಿನೊಳಗೆ ನಿಲ್ಲುವ ಕಾರು ಒಂದು ತುಂಡಿಗೆ ಅಷ್ಟಾಗಿ ಕೆಲಸವನ್ನೇ ಕೊಡದಿರಬಹುದು, ರೈಲು ಹಳಿಯ ಪಕ್ಕ ನಿಲ್ಲುವ ಕಾರು ಅದೇ ತುಂಡನ್ನು ಅರ್ಧದಲ್ಲೇ ಮುಗಿಸಿಬಿಡಬಹುದು. ನೋಡಬೇಕಾದದ್ದು ಕ್ಲೇಯ ಮುಖವನ್ನು. ಎರಡಡಿ ಚದರದಷ್ಟು ಜಾಗ ಉಜ್ಜಿದ ಮೇಲೆ ತಿರುಗಿಸಿ ನೋಡಿ. ಕೊಳೆ ಕಂಡರೆ ಚಪಾತಿ ಹಿಟ್ಟಿನಂತೆ ಮಡಚಿ, ನಾದಿ, ಹೊಸ ಮುಖ ತಂದುಕೊಳ್ಳಿ. ಮೂರ್ನಾಲ್ಕು ಸಲ ಮಡಚಿದರೂ ತಿಳಿ ಬಣ್ಣ ಬಾರದೆ ಎಲ್ಲ ಕಡೆ ಒಂದೇ ಬೂದು ಅಥವಾ ಕಂದು ಕಂಡರೆ ಪೇಂಟ್ ಮಟ್ಟಿಗೆ ಅದರ ಆಯಸ್ಸು ಮುಗಿಯಿತು. ಈ ಕಾರಣಕ್ಕೇ ಹಳದಿ, ಬಿಳಿಯಂಥ ತಿಳಿ ಬಣ್ಣದ ಕ್ಲೇ ಕೊಳ್ಳುವುದು ಮೇಲು. ಕಡುಬಣ್ಣದ್ದಾದರೆ ತೆಳ್ಳಗೆ ಒತ್ತಿ ಬೆಳಕಿಗೆ ಹಿಡಿದೇ ನೋಡಬೇಕು.

ಕಣ್ಣಿಗಿಂತ ಬೆರಳು ಮೊದಲು ಹೇಳುವುದೂ ಉಂಟು. ನಾದುವಾಗ ಮರಳಿನಂತೆ ಚುಚ್ಚಿದರೆ ಬಣ್ಣ ಎಷ್ಟೇ ತಿಳಿಯಾಗಿರಲಿ, ಎಸೆಯಿರಿ. ನೆಲಕ್ಕೆ ಬಿದ್ದರೂ ಅಷ್ಟೇ. ಒರೆಸಿಕೊಂಡು ಮುಂದುವರಿಸುವವರು ಬಹಳ ಮಂದಿ, ಆದರೆ ಅಂಟಿಕೊಂಡ ಮರಳು ಮಡಚಿದಾಗ ಒಳಗೆ ಅಡಗಿ, ಮುಂದಿನ ಮಡಿಕೆಯಲ್ಲಿ ಮತ್ತೆ ಮೇಲೆ ಬರುತ್ತದೆ. ಬಿದ್ದರೆ ಪೂರ್ತಿ ನಷ್ಟವಾಗದಿರಲೆಂದೇ 100 ಗ್ರಾಂ ಬಾರನ್ನು ಮೊದಲೇ ಮೂರು ತುಂಡು ಮಾಡಿ, ಒಂದನ್ನಷ್ಟೇ ಕೈಗೆ ತೆಗೆದುಕೊಳ್ಳಬೇಕು.

ಚಳಿಗೆ ಗಟ್ಟಿಯಾಗಿ ಬಿರುಕು ಬಿಟ್ಟದ್ದನ್ನು ಮಾತ್ರ ಅವಸರದಲ್ಲಿ ಎಸೆಯಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು ನಾದಿ. ಮೆತ್ತಗಾದರೆ ಸರಿ, ಆಗಲೂ ಪುಡಿಪುಡಿಯಾಗಿ ಉದುರಿದರೆ ಒಣಗಿ ಹೋಗಿದೆ ಎಂದರ್ಥ. ಇನ್ನು ಜಿಗುಟಾಗಿ ಪೇಂಟ್ ಮೇಲೆಲ್ಲ ಮೆತ್ತಿಕೊಳ್ಳುವುದಕ್ಕೆ ಕಾರಣ ಬೇರೆ. ಕಾದ ಬಾನೆಟ್, ಥಿನ್ನರ್ ಅಥವಾ ಸ್ಪಿರಿಟ್ ಬೆರೆತ ಸ್ಪ್ರೇ, ಇಲ್ಲವೇ ಆ ಕ್ಲೇಗೆ ಒಗ್ಗದ ಶಾಂಪೂ. ಇಂಥದ್ದು ಮತ್ತೆ ಸರಿಹೋಗುವುದಿಲ್ಲ. ಕ್ಲೇ ತಯಾರಕರೇ ಸೂಚಿಸಿದ, ಕ್ಲೇ ಜಾರುವಂತೆ ಮಾಡುವ ಡೀಟೇಲರ್ ಸ್ಪ್ರೇಯನ್ನು ನೆರಳಿನಲ್ಲಿ, ನೀರಿಳಿಯುವಷ್ಟು ಧಾರಾಳವಾಗಿ ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ಬರುವುದೇ ಇಲ್ಲ.

ಹೊಸಬರನ್ನು ಗೊಂದಲಕ್ಕೆ ಕೆಡಹುವುದು ಇನ್ನೊಂದು. ಕ್ಲೇ ತಡೆದು ತಡೆದು ಸಾಗುತ್ತಿದ್ದರೆ ಅದು ಹಳತಾಗಿದೆ ಎಂದೇನಲ್ಲ, ಹೆಚ್ಚಿನಂಶ ಸ್ಪ್ರೇ ಸಾಲದು. ಸಾಕಷ್ಟು ಸ್ಪ್ರೇ ಹೊಡೆದು ಉಜ್ಜಿ, ಒರೆಸಿ, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರಿ ನೋಡಿ. ಆಗಲೂ ತರಿ ತಗುಲಿದರೆ ಅದೇ ಜಾಗದಲ್ಲಿ ಹೊಸ ತುಂಡಿನಿಂದ ಉಜ್ಜಿ. ನುಣುಪಾದರೆ ಹಳೆಯದು ತುಂಬಿಹೋಗಿತ್ತು. ಆಗದಿದ್ದರೆ ದೋಷ ಕ್ಲೇಯದ್ದಲ್ಲ: ಬೋರ್‌ವೆಲ್ ನೀರಿನ ಕಲೆ ಪೇಂಟನ್ನೇ ಕೊರೆದಿರಬಹುದು. ಅದು ಪಾಲಿಶ್ ಕೆಲಸ. ಬಲ ಹಾಕಿ ಒತ್ತಿದರೆ ಗೀರು ಮಾತ್ರ ಸಿಗುತ್ತದೆ.

ತುಂಡು ಹೆಚ್ಚು ಬಾಳಬೇಕಾದರೆ ಕೆಲಸದ ಕ್ರಮ ಸರಿಯಿರಬೇಕು. ಮೊದಲು ಚೆನ್ನಾಗಿ ತೊಳೆದು, ಕೆಳಭಾಗದ ಡಾಂಬರಿಗೆ ಟಾರ್ ರಿಮೂವರ್, ಕಬ್ಬಿಣದ ಪುಡಿಗೆ ಐರನ್ ರಿಮೂವರ್ ಹೊಡೆದು, ಒಣಗುವ ಮುನ್ನ ತೊಳೆದುಬಿಟ್ಟರೆ ಕ್ಲೇಗೆ ಉಳಿಯುವ ಕೊಳೆ ಬಹಳ ಕಡಿಮೆ. ಆಮೇಲೆ ಟಾಪ್, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲ್ಭಾಗ, ಕೊನೆಗೆ ಚಕ್ರದ ಪಕ್ಕ ಮತ್ತು ಬಾಗಿಲಿನ ತಳಭಾಗ. ಬಣ್ಣಗೆಟ್ಟರೂ ಚುಚ್ಚದ ತುಂಡನ್ನು ಬೇರೆ ಡಬ್ಬಿಯಲ್ಲಿಟ್ಟು ಅಲಾಯ್ ಚಕ್ರಕ್ಕೆ ಬಳಸಬಹುದು. ಚಕ್ರ ಮುಟ್ಟಿದ್ದು ಮತ್ತೆ ಪೇಂಟ್ ಮುಟ್ಟಬಾರದು.

ಉಳಿದದ್ದಕ್ಕೆ ಎರಡು ಹನಿ ಸ್ಪ್ರೇ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡಿ. ಏಪ್ರಿಲ್–ಮೇ ಬಿಸಿಲಿನಲ್ಲಿ ಡಿಕ್ಕಿಯೊಳಗೆ ಬಿಡಬೇಡಿ, ಕರಗಿ ಜಿಗುಟಾಗುತ್ತದೆ. ಉಂಡೆಯ ಬದಲು ಕ್ಲೇ ಮಿಟ್ (ಕೈಗವಸು) ಅಥವಾ ಕ್ಲೇ ಟವೆಲ್ ಬಳಸುವವರು ಅದನ್ನು ನೀರಿನಲ್ಲಿ ತೊಳೆದುಕೊಳ್ಳಬಹುದು, ರಬ್ಬರಿನಂಥ ಪದರ ಸಿಪ್ಪೆ ಏಳತೊಡಗಿದಾಗ ಬದಲಿಸಬೇಕು.

ಕಾರು ಬಿಡುವ ಗ್ರಾಹಕರು ಕೆಲಸ ಶುರುವಾಗುವ ಮುನ್ನ 'ಕ್ಲೇ ತೋರಿಸಿ' ಎಂದು ಕೇಳಲಿ. ಅಂಗಡಿಯವರು ಪ್ರತಿ ಕಾರಿಗೂ ಹೊಸ ತುಂಡನ್ನೇ ತೆರೆದು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಯಲಿ. ಕ್ಲೇ ಉಜ್ಜಿದಾಗ ಹಳೆಯ ವ್ಯಾಕ್ಸ್ ಕೂಡ ಎದ್ದುಹೋಗುವುದರಿಂದ, ಅದೇ ದಿನ ವ್ಯಾಕ್ಸ್ ಅಥವಾ ಪೇಂಟನ್ನು ಕಾಯುವ ಸಿಂಥೆಟಿಕ್ ಲೇಪವಾದ ಸೀಲಂಟ್ ಹಾಕಿಯೇ ಕಾರು ಹೊರಗೆ ಕಳಿಸಬೇಕು.

– ಕೆಲವು ಕಾರು ಡೀಟೇಲಿಂಗ್ ಕೆಲಸಗಾರರು, ಹೊಸಪೇಟೆ