ಅವರೆಕಾಯಿ ಬಿಡಿಸುವಾಗ ಅಜ್ಜಿಯನ್ನು ಮಾತಾಡಿಸಿ

ಅವ್ವಾ,

ಹೇಗಿದ್ದೀಯ? ಅಜ್ಜಿಯ ಮಂಡಿನೋವು ಕಡಿಮೆಯಾಯಿತಾ? ಇಲ್ಲಿ ಮಾಂಟ್ರಿಯಲ್‌ನಲ್ಲಿ ಹಿಮ ಮೊಣಕಾಲುದ್ದ ಬಿದ್ದಿದೆ, ರಜೆ ದಿನ ಮನೆ ಬಿಟ್ಟು ಹೊರಡುವ ಮಾತೇ ಇಲ್ಲ.

ಭಾನುವಾರ ಒಂದು ಸಾಕ್ಷ್ಯಚಿತ್ರ ನೋಡಿದೆ, ಆವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ. 'ಕಾನೆಸತಾಕೆ: 270 ಇಯರ್ಸ್ ಆಫ್ ರೆಸಿಸ್ಟೆನ್ಸ್' ಅಂತ, 1993ರದು. ತೆಗೆದವರು ಅಲಾನಿಸ್ ಒಬೊಮ್ಸಾವಿನ್, ಇಲ್ಲಿನ ಅಬೆನಾಕಿ ಅನ್ನುವ ಮೂಲನಿವಾಸಿ ಜನರ ಹೆಣ್ಣುಮಗಳು. ಕಾನೆಸತಾಕೆ ಅಂದರೆ ಮೊಹಾಕ್ ಅನ್ನುವ ಮೂಲನಿವಾಸಿ ಜನರ ಊರು, ಅದರ ಪಕ್ಕದ ಓಕಾ ಊರು ನಾನಿರುವ ಕಡೆಯಿಂದ ದೂರವೇನಲ್ಲ. 1990ರಲ್ಲಿ ಅಲ್ಲಿನ ಗಾಲ್ಫ್ ಮೈದಾನವನ್ನು ದೊಡ್ಡದು ಮಾಡಲು ಹೊರಟರು, ಅದೂ ಎಲ್ಲಿಗೆ ಗೊತ್ತಾ, ಮೊಹಾಕ್ ಜನರ ಪೈನ್ ತೋಪಿಗೆ, ಅವರ ಹಿರಿಯರನ್ನು ಹೂತ ಜಾಗಕ್ಕೆ. ಜನ ದಾರಿಗೆ ಅಡ್ಡ ಕಟ್ಟಿ ನಿಂತರು. ಮೊದಲು ಪೊಲೀಸರು ಬಂದರು, ಆಮೇಲೆ ಸೈನ್ಯವೇ ಬಂತು. 78 ದಿನ! ಅಲಾನಿಸ್ ಕ್ಯಾಮೆರಾ ಹಿಡಿದು ಮುಳ್ಳುತಂತಿಯ ಒಳಗೆ ಆ ಜನರ ಜೊತೆಯಲ್ಲೇ ಇದ್ದರು, ಆ ದಿನಗಳ ನಡುವೆಯೇ ಅವರಿಗೆ 58 ತುಂಬಿತು.

ಕೊನೆಯ ದಿನ ಎಲ್ಲರೂ ಹೊರಗೆ ನಡೆದು ಬರುವಾಗ ವಾನೀಕ್ ಹಾರ್ನ್-ಮಿಲ್ಲರ್ ಅನ್ನುವ 14 ವರ್ಷದ ಹುಡುಗಿ 4 ವರ್ಷದ ತಂಗಿಯನ್ನು ಎತ್ತಿಕೊಂಡಿದ್ದಳು. ನೂಕುನುಗ್ಗಲಲ್ಲಿ ಸೈನಿಕನ ಬಂದೂಕಿನ ಕತ್ತಿ ಅವಳ ಎದೆಗೆ ಇರಿಯಿತು. ಪುಣ್ಯ, ಬದುಕಿದಳು. ಅದೇ ಹುಡುಗಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರ ವಾಟರ್ ಪೋಲೊ ಆಡಿದಳು. ಮೈದಾನ ದೊಡ್ಡದಾಗಲಿಲ್ಲ, ಜಾಗದ ತಕರಾರು ಮಾತ್ರ ಇವತ್ತಿಗೂ ಮುಗಿದಿಲ್ಲ.

ಮಾರನೆಯ ದಿನ ಇನ್ನೊಂದು ನೋಡಿದೆ, ತಾಶಾ ಹಬಾರ್ಡ್ ಅವರ 'ಬರ್ತ್ ಆಫ್ ಎ ಫ್ಯಾಮಿಲಿ'. ಇಲ್ಲಿ ಒಂದು ಕಾಲದಲ್ಲಿ ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಬೇರೆ ಮನೆಗಳಿಗೆ ಕೊಟ್ಟುಬಿಡುತ್ತಿದ್ದರಂತೆ. ಹಾಗೆ ಚದುರಿಹೋದ ಮೂವರು ಅಕ್ಕತಂಗಿಯರು, ಒಬ್ಬ ತಮ್ಮ ನಡುವಯಸ್ಸು ದಾಟಿದ ಮೇಲೆ ಮೊದಲ ಸಲ ಒಂದೇ ಕಡೆ ಸೇರುತ್ತಾರೆ. ಜಾಸ್ತಿ ಏನೂ ನಡೆಯಲ್ಲ, ಸುಮ್ನೆ ಮಾತಾಡುತ್ತಾರೆ, ನಗುತ್ತಾರೆ. ನಾನು ಅತ್ತುಬಿಟ್ಟೆ ಅವ್ವ.

ಅಲಾನಿಸ್ ಕೆಲಸ ಮಾಡುವ ರೀತಿಯ ಬಗ್ಗೆ ಓದಿದೆ, ನನಗೆ ತುಂಬ ಹಿಡಿಸಿತು. ಯಾರನ್ನು ಮಾತಾಡಿಸಿದರೂ ಮೊದಲು ಕ್ಯಾಮೆರಾ ತರಲ್ಲ. ಒಬ್ಬರೇ ಹೋಗಿ, ಎದುರು ಕೂತು, ಗಂಟೆಗಟ್ಟಲೆ ಬರೀ ಧ್ವನಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಅದನ್ನು ಓದಿದಾಗ ನಮ್ಮ ಅಜ್ಜಿ ಕಣ್ಣ ಮುಂದೆ ಬಂದಳು. ಅವಳ ತವರು ಕಬಿನಿ ಹಿನ್ನೀರಿನಲ್ಲಿ ಮುಳುಗಿತು ಅಂತ ನಮಗೆ ಗೊತ್ತು, ಅಷ್ಟೇ. "ಬಾಗಿಲಲ್ಲೇ ಒಂದು ಹುಣಸೆಮರ ಇತ್ತು ಕಣೇ" ಅಂತ ಅವಳು ಶುರುಮಾಡಿದರೆ, ನಾವು ಎಷ್ಟು ಸಲ "ಗೊತ್ತು ಬಿಡಜ್ಜಿ" ಅಂದು ಎದ್ದು ಹೋಗಿಲ್ಲ?

ತಮ್ಮನಿಗೆ ಹೇಳು. ಈಗ ಹೇಗೂ ಅವರೆಕಾಯಿ ಕಾಲ, ಸಂಜೆ ಅಜ್ಜಿ ಮೊರ ಹಿಡಿದು ಕಾಯಿ ಬಿಡಿಸಲು ಕೂತಾಗ ಅವನೂ ಕೂರಲಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕದಲ್ಲಿಡಲಿ. ವಿಡಿಯೋ ಬೇಡ, ವಿಡಿಯೋ ಅಂದರೆ ಅವಳು ಸೆರಗು ಸರಿಮಾಡಿಕೊಂಡು ಸುಮ್ಮನಾಗಿಬಿಡುತ್ತಾಳೆ. ನಡುವೆ ಬಾಯಿ ಹಾಕೋದು ಬೇಡ. ಹುಣಸೆಮರದ ಸುದ್ದಿ ತೆಗೆದರೆ ಸಾಕು, ಉಳಿದದ್ದು ಅವಳೇ ಹೇಳುತ್ತಾಳೆ.

ನಿನ್ನ ಮಗಳು