ವರದಿ ಬರೆದದ್ದು ಟೀ ಅಂಗಡಿಯಲ್ಲಿ

ಮಾನ್ಯ ಸಂಪಾದಕರೇ,

ನಾನು ಪಾಂಡವಪುರ ಕಡೆ ಆಲೆಮನೆ ನಡೆಸುವವನು. ನಮ್ಮಲ್ಲಿ ಕಬ್ಬು ಅರೆಯುತ್ತಿದ್ದ ಹುಡುಗನೊಬ್ಬ ಗದ್ದೆ ನೀರಿನ ಜಗಳದಲ್ಲಿ ಕೊಲೆ ಮಾಡಿ ಮೈಸೂರು ಜೈಲು ಸೇರಿ 15 ವರ್ಷವಾಯಿತು. 'ಜೀವಾವಧಿ ಅಂದ್ರೆ 14 ವರ್ಷ, ಇನ್ನೇನು ಬಂದ್ಬಿಡ್ತಾನೆ' ಎಂದು ಅವನ ತಾಯಿ ಮನೆಗೆ ಸುಣ್ಣ ಬಳಿಸಿದ್ದಳು.

ಜೀವಾವಧಿ ಎಂದರೆ ಸಾಯುವವರೆಗೆ. ಕೊಲೆ ಕೇಸಿನಲ್ಲಿ 14 ವರ್ಷ ತುಂಬುವ ಮೊದಲು ಸರ್ಕಾರ ಶಿಕ್ಷೆ ಕಡಿತ ಮಾಡಿ ಬಿಡುವಂತಿಲ್ಲ ಎಂದು 1978ರಲ್ಲಿ ಕಾನೂನು ಬಂತು. ತುಂಬಿದ ಮೇಲೆ ಬಿಡಲೇಬೇಕು ಅಂತೇನಿಲ್ಲ. ಇದನ್ನು ಆ ಮುದುಕಿಗೆ ಹೇಳೋದು ಹೇಗೆ?

ಬಿಡುಗಡೆಗೆ ಜೈಲಿನವರ ವರದಿ, ಪೊಲೀಸ್ ವರದಿ, ಕೋರ್ಟಿನ ಅಭಿಪ್ರಾಯ ಎಲ್ಲ ನೋಡುತ್ತಾರೆ. ಪೊಲೀಸ್ ವರದಿ ಹೇಗಾಯಿತು ಅಂತ ನಾನೇ ಕಂಡೆ. ಪೇದೆಯೊಬ್ಬರು ಟೀ ಅಂಗಡಿಯಲ್ಲಿ ಇಬ್ಬರನ್ನು ಕೇಳಿದರು. ಇಬ್ಬರೂ ಹಬ್ಬಕ್ಕೆ ಬಂದಿದ್ದ ನೆಂಟರು! 'ಬಂದರೆ ಗಲಾಟೆ ಆಗಬಹುದು' ಎಂದು ಬರೆದುಕೊಂಡು ಹೊರಟರು. ಸತ್ತವನ ಹೆಂಡತಿ ಎರಡೇ ಬೀದಿ ಆಚೆ ಇದ್ದಾಳೆ. ಅವಳನ್ನೂ ಕೇಳಲಿಲ್ಲ. ಅಪ್ಪನ ತಿಥಿಗೆ ಪೆರೋಲ್ ಮೇಲೆ ಬಂದಿದ್ದ ಇವನು ಹೇಳಿದ ದಿನಕ್ಕೆ ಸರಿಯಾಗಿ ವಾಪಸ್ ಬಸ್ಸು ಹತ್ತಿದ್ದ. ಅದೂ ಲೆಕ್ಕಕ್ಕೆ ಬರಬೇಕಲ್ವಾ?

ಎಲ್ಲರನ್ನೂ ಸುಮ್ನೆ ಬಿಟ್ಟುಬಿಡಿ ಎನ್ನುತ್ತಿಲ್ಲ. 2002ರ ಗುಜರಾತ್ ಗಲಭೆಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರ, ಕೊಲೆಗಳ ಬಿಲ್ಕಿಸ್ ಬಾನು ಪ್ರಕರಣದಲ್ಲಿ 2022ರ ಆಗಸ್ಟ್ 15ರಂದು ಹೊರಬಂದ 11 ಮಂದಿಯ ಬಿಡುಗಡೆಯನ್ನು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಸರಿಯೇ. ನನ್ನ ಕೋರಿಕೆ ಇಷ್ಟೇ: ವರದಿ ಬರೆಯುವವರು ಎರಡೂ ಮನೆಯ ಬಾಗಿಲು ತಟ್ಟಲಿ. ಅರ್ಜಿ ತಳ್ಳಿದರೆ ಕಾರಣವನ್ನು ಮನೆಯವರಿಗೂ ಕನ್ನಡದಲ್ಲಿ ಬರೆದು ತಿಳಿಸಲಿ.

- ಆಲೆಮನೆ ರೈತ, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ